ಕಾಲಿನ ಅಳತೆ ಕೇಳಿದ ಜಾಲತಾಣ

ಮಗಳು ಪದವಿಪೂರ್ವ ಕಾಲೇಜಿಗೆ ಸೇರಿದ ಮೇಲೆ ಅವಳಿಗೊಂದು ಸೈಕಲ್ ಕೊಡಿಸಬೇಕೆಂದು ನಿಶ್ಚಯಿಸಿ, 2025ರ ದಸರಾ ರಜೆಗೆ ಸ್ವಲ್ಪ ಮುಂಚಿನಿಂದ ಸುಮಾರು ಒಂದು ತಿಂಗಳು ಮೂರು ಸೈಕಲ್ ತಯಾರಕರ ಜಾಲತಾಣಗಳನ್ನು ದಿನವೂ ತೆರೆದು ನೋಡಿದೆ. ಮೂರೂ ಭಾರತದಲ್ಲಿ ಸೈಕಲ್ ಮಾರುವ ಕಂಪನಿಗಳವೇ. ಅವನ್ನು ಇಲ್ಲಿ ಒಂದನೆಯದು, ಎರಡನೆಯದು, ಮೂರನೆಯದು ಎಂದು ಮಾತ್ರ ಕರೆಯುತ್ತೇನೆ. ಜಾಲತಾಣದ ಮುಖಪುಟ ಹಬ್ಬಕ್ಕೊಂದು ಸಲ ಬದಲಾಗುತ್ತದೆ. ಆದರೆ ಕೊಳ್ಳುವವರು ಅಲ್ಲಿ ಏನನ್ನು ಹುಡುಕುತ್ತಾರೆ, ಏನು ಸಿಕ್ಕರೆ ಅವರ ಮನಸ್ಸು ನಿಶ್ಚಿಂತವಾಗುತ್ತದೆ ಎಂಬುದು ಅಷ್ಟು ಬೇಗ ಬದಲಾಗುವುದಿಲ್ಲ, ನಾನು ಬರೆಯುತ್ತಿರುವುದು ಅದರ ಬಗ್ಗೆ. ಕೊನೆಗೆ ನಾವು ಮೂರನೆಯದರಿಂದಲೇ ಸೈಕಲ್ ಕೊಂಡೆವು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನೋಟಕ್ಕೆ ಮೂರರಲ್ಲಿ ಅದೇ ತೀರಾ ಸಾದಾ ಆಗಿತ್ತು. ಆದರೆ ಸೈಕಲ್ ಹತ್ತುವ ಹುಡುಗಿಯ ಕಾಲು ಎಷ್ಟು ಉದ್ದ ಎಂದು ಕೇಳಿದ್ದು ಅದೊಂದೇ.

ನಾನು ಮಣಿಪಾಲದ ಮುದ್ರಣಾಲಯವೊಂದರಲ್ಲಿ ಪುಟವಿನ್ಯಾಸ ಮಾಡುವವಳು. ಅಕ್ಷರದ ಗಾತ್ರ, ಸಾಲುಗಳ ನಡುವಿನ ಜಾಗ, ಕೋಷ್ಟಕದ ಗೆರೆ, ಚಿತ್ರದ ಅಡಿಬರಹ ಇವುಗಳ ಜೊತೆಯಲ್ಲೇ ದಿನ ಕಳೆಯುವುದರಿಂದ, ಯಾವ ಪುಟ ಕಣ್ಣಿಗೆ ಬಿದ್ದರೂ ಓದುವವರು ಮೊದಲು ಎಲ್ಲಿ ನೋಡುತ್ತಾರೆ, ಎಲ್ಲಿ ತಡವರಿಸುತ್ತಾರೆ ಎಂದು ಗಮನಿಸುವ ಅಭ್ಯಾಸ ಬಂದುಬಿಟ್ಟಿದೆ. ಸೈಕಲ್ಲಿನ ವಿಷಯದಲ್ಲಿ ನನ್ನ ತಿಳಿವಳಿಕೆ ಬಳಸುವವರದ್ದು, ಅಷ್ಟೇ. ಮನೆ ಇರುವುದು ಉಡುಪಿಯ ಕುಂಜಿಬೆಟ್ಟಿನಲ್ಲಿ, ಎರಡನೆಯ ಮಹಡಿಯಲ್ಲಿ. ಕಟ್ಟಡಕ್ಕೆ ಲಿಫ್ಟ್ ಇಲ್ಲ. ಕಾಲೇಜು ಮಣಿಪಾಲದಲ್ಲಿ. ಇಂದ್ರಾಳಿಯ ರೈಲ್ವೆ ಸೇತುವೆ ದಾಟಿದ ಮೇಲೆ ಟೈಗರ್ ಸರ್ಕಲ್ ತನಕ ರಸ್ತೆ ಏರುತ್ತಲೇ ಹೋಗುತ್ತದೆ. ವರ್ಷದಲ್ಲಿ ನಾಲ್ಕು ತಿಂಗಳು ಮಳೆ, ಉಳಿದ ದಿನಗಳಲ್ಲಿ ಉಪ್ಪುಗಾಳಿ. ಈ ಏರು, ಈ ಮೆಟ್ಟಿಲು, ಈ ಮಳೆ, ಈ ಗಾಳಿ ನಾಲ್ಕಕ್ಕೂ ಉತ್ತರ ಕೊಡುವ ಪುಟ ನನಗೆ ಬೇಕಿತ್ತು.

ಒಂದನೆಯ ಜಾಲತಾಣ ತೆರೆದುಕೊಳ್ಳುತ್ತಲೇ ಹಿಮಾಲಯದ ಕಣಿವೆಯಲ್ಲಿ ಧೂಳೆಬ್ಬಿಸುತ್ತ ಇಳಿಯುವ ಸವಾರನ ವಿಡಿಯೊ ತಾನಾಗಿಯೇ ಓಡತೊಡಗುತ್ತದೆ. ಕಚೇರಿಯ ಕಂಪ್ಯೂಟರಿನಲ್ಲಿ ನೋಡಿದಾಗ ಅದು ನಿಜಕ್ಕೂ ಸೊಗಸಾಗಿತ್ತು. ಅದೇ ಪುಟವನ್ನು ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ಮೂಲ್ಕಿಯ ಹತ್ತಿರ ಮೊಬೈಲಿನಲ್ಲಿ ತೆರೆದಾಗ ಬಿಳಿ ಪರದೆಯ ನಡುವೆ ವೃತ್ತವೊಂದು ಸುತ್ತುತ್ತಲೇ ಇತ್ತು; ಸೈಕಲ್ಲುಗಳ ಪಟ್ಟಿ ಕಾಣಿಸುವಾಗ ಬಸ್ಸು ಹಳೆಯಂಗಡಿ ದಾಟಿತ್ತು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕು ಎಂಬುದು ಜಾಲತಾಣ ಕಟ್ಟುವವರ ಮುಂದೆ ಗೂಗಲ್ ಇಟ್ಟಿರುವ ಅಳತೆ. ಸೈಕಲ್ ಕೊಳ್ಳುವವರಲ್ಲಿ ಬಹಳ ಮಂದಿ ವಿದ್ಯಾರ್ಥಿಗಳು, ಅವರ ತಂದೆ ತಾಯಂದಿರು. ಅವರೆಲ್ಲ ನೋಡುವುದು ಮೊಬೈಲಿನಲ್ಲಿ, ದಿನದ ಡೇಟಾ ಮುಗಿಯುವುದಕ್ಕೆ ಮುಂಚೆ. ಆ ವಿಡಿಯೊ ಇರಲಿ, ಒತ್ತಿದರೆ ಮಾತ್ರ ಓಡಲಿ. ಎರಡನೆಯದು ಬೇಗ ತೆರೆದುಕೊಳ್ಳುತ್ತದೆ, ಬಣ್ಣ ಮಿತವಾಗಿದೆ, ಜಾಗ ಧಾರಾಳವಾಗಿದೆ. ಆದರೆ ಅದರ ದೋಷ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ. ಮೂರನೆಯದರ ಮೊದಲ ಪರದೆಯಲ್ಲಿ ಒಂದು ಸೈಕಲ್ಲಿನ ಚಿತ್ರ, ಹುಡುಕುವ ಪೆಟ್ಟಿಗೆ ಮತ್ತು ನಾಲ್ಕು ದಾರಿಗಳಿವೆ: ಸೈಕಲ್ಲುಗಳು, ಬಿಡಿಭಾಗಗಳು, ಅಂಗಡಿಗಳು, ಸಹಾಯ. ಬಿಡಿಭಾಗ ಮತ್ತು ಸಹಾಯ ಮುಖಪುಟದಲ್ಲೇ ಇರುವುದನ್ನು ಕಂಡಾಗಲೇ ನನಗೆ ಆ ಕಂಪನಿಯ ಮೇಲೆ ಸ್ವಲ್ಪ ವಿಶ್ವಾಸ ಬಂತು, ಏಕೆಂದರೆ ಅದು ಮಾರಿದ ಮೇಲಿನ ದಿನಗಳನ್ನೂ ಲೆಕ್ಕಕ್ಕೆ ಹಿಡಿದಿದೆ.

ಮೂರನೆಯದರಲ್ಲಿ ಪ್ರತಿಯೊಂದು ಸೈಕಲ್ಲಿನ ಪುಟದಲ್ಲೂ ಬೆಲೆಯ ಪಕ್ಕದಲ್ಲೇ ಅಳತೆ ನೋಡಿಕೊಳ್ಳುವ ಗುಂಡಿಯಿದೆ. ಒತ್ತಿದರೆ ಎತ್ತರದ ಜೊತೆಗೆ ಒಳಗಾಲಿನ ಉದ್ದವನ್ನೂ ಕೇಳುತ್ತದೆ, ಅದನ್ನು ಅಳೆಯುವ ಬಗೆಯನ್ನು ಸಣ್ಣ ರೇಖಾಚಿತ್ರದಲ್ಲಿ ತೋರಿಸುತ್ತದೆ. ನಾವು ಹಾಗೆಯೇ ಮಾಡಿದೆವು. ಮಗಳು ಬರಿಗಾಲಿನಲ್ಲಿ ಗೋಡೆಗೆ ಬೆನ್ನು ತಾಗಿಸಿ, ಪಾದಗಳನ್ನು ಒಂದು ಗೇಣು ಅಗಲಿಸಿ ನಿಂತಳು. ದಪ್ಪ ರಟ್ಟಿನ ನಿಘಂಟನ್ನು ಕಾಲುಗಳ ನಡುವೆ ಅಡ್ಡಲಾಗಿ ಹಿಡಿದು, ಸೀಟಿನ ಮೇಲೆ ಕುಳಿತಾಗ ಎಷ್ಟು ಒತ್ತುತ್ತದೆಯೋ ಅಷ್ಟು ಮೇಲಕ್ಕೆ ಒತ್ತಿದಳು. ಪುಸ್ತಕದ ಮೇಲಂಚು ಗೋಡೆಗೆ ತಾಗಿದಲ್ಲಿ ನಾನು ಪೆನ್ಸಿಲಿನಿಂದ ಗುರುತು ಹಾಕಿ ನೆಲದಿಂದ ಅಲ್ಲಿಯವರೆಗೆ ಟೇಪು ಹಿಡಿದೆ. ಮೊದಲ ಸಲ 73 ಸೆಂಟಿಮೀಟರ್ ಬಂತು, ಪುಸ್ತಕ ಓರೆಯಾಗಿತ್ತು. ನೆಟ್ಟಗೆ ಹಿಡಿದು ಮತ್ತೆರಡು ಸಲ ಅಳೆದಾಗ ಎರಡು ಸಲವೂ 72. ಎತ್ತರ 158. ಗೋಡೆಯ ಮೇಲಿನ ಆ ಪೆನ್ಸಿಲ್ ಗೆರೆಯನ್ನು ಇನ್ನೂ ಒರೆಸಿಲ್ಲ.

ಈ 72 ಎಂಬ ಅಂಕಿ ಎಷ್ಟು ಮುಖ್ಯವೆಂದು ಆಮೇಲೆ ತಿಳಿಯಿತು. ಸಿಗ್ನಲ್ಲಿನಲ್ಲಿ ಸೈಕಲ್ ನಿಲ್ಲಿಸಿ ಎರಡೂ ಕಾಲು ನೆಲಕ್ಕೆ ಊರಿದಾಗ ಸೀಟಿನ ಮುಂದಿನ ಬಾರ್ ಮೈಗೆ ತಾಗಬಾರದು. ಡಾಂಬರು ರಸ್ತೆಯ ಸೈಕಲ್ಲಿನಲ್ಲಿ ಎರಡೂವರೆ ಸೆಂಟಿಮೀಟರಾದರೂ, ಮಣ್ಣುದಾರಿಯ ಸೈಕಲ್ಲಿನಲ್ಲಿ ಐದು ಸೆಂಟಿಮೀಟರಾದರೂ ಬಿಡುವು ಇರಬೇಕು. ಹಾಗಾಗಿ ಬಾರ್ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದು ಪುಟದಲ್ಲಿ ಇರಲೇಬೇಕಾದ ಅಂಕಿ. ಒಂದನೆಯ ಜಾಲತಾಣ, ತಾನು ಹೆಚ್ಚು ಹೊಗಳುವ ಮಾದರಿಗೆ, 5 ಅಡಿ 1 ಅಂಗುಲದಿಂದ 5 ಅಡಿ 6 ಅಂಗುಲದವರಿಗೆ ಸರಿಹೊಂದುತ್ತದೆ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿತ್ತು. ಅದರ ಪ್ರಕಾರ ನಮ್ಮ ಹುಡುಗಿಗೆ ಅದು ಸರಿಯೇ. ಉಡುಪಿಯ ಅಂಗಡಿಯೊಂದರಲ್ಲಿ ಅದೇ ಮಾದರಿ ಇದ್ದುದರಿಂದ ಟೇಪು ಹಿಡಿದು ನೋಡಿದೆ: ಬಾರ್ ನೆಲದಿಂದ 75 ಸೆಂಟಿಮೀಟರ್. ಅವಳು ಹತ್ತಿ ನಿಂತಾಗ ತುದಿಗಾಲಿನಲ್ಲಿದ್ದಳು. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರ ಕಾಲು ಉದ್ದ, ಇನ್ನೊಬ್ಬರ ಮುಂಡ ಉದ್ದ ಇರುತ್ತದೆ. ಎತ್ತರವೊಂದನ್ನೇ ನಂಬಿದರೆ ಹೀಗಾಗುತ್ತದೆ. ಮೂರನೆಯದರ ಕೋಷ್ಟಕದಲ್ಲಿ ನಾವು ಆರಿಸಿದ ಮಾದರಿಯ ಸಣ್ಣ ಅಳತೆಗೆ 68 ಸೆಂಟಿಮೀಟರ್ ಎಂದು ಬರೆದಿತ್ತು. ಸೈಕಲ್ ಮನೆಗೆ ಬಂದ ಮೇಲೆ ಅಳೆದೆ, 68 ಇತ್ತು.

ಚೌಕಟ್ಟಿನ ಅಳತೆಯನ್ನು 16 ಅಂಗುಲ, 18 ಅಂಗುಲ ಎಂದು ಹೇಳುವ ಪದ್ಧತಿಯೂ ಪೂರ್ತಿ ನಂಬುವಂಥದ್ದಲ್ಲ. ಸೀಟಿನ ಕಂಬವನ್ನು ಪೆಡಲಿನ ಅಚ್ಚಿನ ನಡುವಿನಿಂದ ಕೆಲವರು ಕಂಬದ ತುದಿಯವರೆಗೆ ಅಳೆಯುತ್ತಾರೆ, ಕೆಲವರು ಬಾರ್ ಸೇರುವ ಜಾಗದ ನಡುವಿನವರೆಗೆ ಅಳೆಯುತ್ತಾರೆ. ಆದ್ದರಿಂದ ಒಬ್ಬರ 16 ಇನ್ನೊಬ್ಬರ 17 ಆಗಬಹುದು. ಒಳ್ಳೆಯ ತಯಾರಕರು ಚೌಕಟ್ಟಿನ ರೇಖಾಚಿತ್ರ ಬಿಡಿಸಿ, ಯಾವ ಅಕ್ಷರ ಎಲ್ಲಿಂದ ಎಲ್ಲಿಗೆ ಎಂದು ಗೆರೆ ಎಳೆದು, ಕೆಳಗೆ ಮಿಲಿಮೀಟರಿನಲ್ಲಿ ಕೋಷ್ಟಕ ಕೊಡುತ್ತಾರೆ. ಜರ್ಮನಿಯ ಕೊಬ್ಲೆಂಜಿನ ಕ್ಯಾನ್ಯನ್ ಕಂಪನಿ ಸವಾರರಿಗೆ ನೇರವಾಗಿ, ಮುಖ್ಯವಾಗಿ ಜಾಲತಾಣದ ಮೂಲಕ ಮಾರುತ್ತದೆ. ಹೆಚ್ಚಿನವರಿಗೆ ಹತ್ತಿ ನೋಡಲು ಹತ್ತಿರದಲ್ಲಿ ಅಂಗಡಿ ಇಲ್ಲದಿರುವುದರಿಂದ ಅದು ಎತ್ತರವನ್ನೂ ಒಳಗಾಲಿನ ಉದ್ದವನ್ನೂ ಕೇಳಿ ಅಳತೆ ಸೂಚಿಸುತ್ತದೆ. ಅಂಗಡಿಗಳ ಮೂಲಕ ಮಾರುವವರು ಆ ಕೆಲಸವನ್ನು ಅಂಗಡಿಯವರಿಗೆ ಬಿಟ್ಟಿದ್ದೇವೆ ಎನ್ನಬಹುದು. ಆದರೆ ಉಡುಪಿಯಂಥ ಊರಿನ ಅಂಗಡಿಯಲ್ಲಿ ಎಲ್ಲ ಮಾದರಿಯ ಎಲ್ಲ ಅಳತೆಗಳೂ ಇರುವುದಿಲ್ಲ. ಇರುವ ಒಂದನ್ನೇ ಸೀಟು ಇಳಿಸಿ ಏರಿಸಿ ಕೊಡುತ್ತಾರೆ.

ಇನ್ನು ಗೇರಿನ ವಿಷಯ. ಮೂರೂ ಜಾಲತಾಣಗಳು ದೊಡ್ಡ ಅಕ್ಷರದಲ್ಲಿ 21 ಗೇರ್, 7 ಗೇರ್ ಎಂದು ಬರೆಯುತ್ತವೆ. ಈ ಅಂಕಿಯಿಂದ ಮಣಿಪಾಲದ ಏರಿನಲ್ಲಿ ಕಾಲಿಗೆ ಎಷ್ಟು ಭಾರ ಬೀಳುತ್ತದೆ ಎಂಬುದು ತಿಳಿಯುವುದಿಲ್ಲ. ಅದು ತಿಳಿಯಬೇಕಾದರೆ ಹಲ್ಲುಗಳ ಲೆಕ್ಕ ಬೇಕು: ಪೆಡಲಿನ ಪಕ್ಕದ ಚಕ್ರಕ್ಕೆ ಎಷ್ಟು ಹಲ್ಲು, ಹಿಂದಿನ ಗಾಲಿಯ ಅತಿ ದೊಡ್ಡ ಚಕ್ರಕ್ಕೆ ಎಷ್ಟು ಹಲ್ಲು. ಮುಂದಿನದನ್ನು ಹಿಂದಿನದರಿಂದ ಭಾಗಿಸಿ, ಗಾಲಿಯ ಸುತ್ತಳತೆಯಿಂದ ಗುಣಿಸಿದರೆ ಒಂದು ಸುತ್ತು ಪೆಡಲ್ ತುಳಿದಾಗ ಸೈಕಲ್ ಎಷ್ಟು ಮುಂದೆ ಹೋಗುತ್ತದೆ ಎಂದು ಸಿಗುತ್ತದೆ. ನಾವು ನೋಡುತ್ತಿದ್ದ ಸೈಕಲ್ಲುಗಳ ಗಾಲಿಯ ಸುತ್ತಳತೆ ಸುಮಾರು 2.19 ಮೀಟರ್. ಮುಂದೆ 38 ಹಲ್ಲಿನ ಒಂದೇ ಚಕ್ರ, ಹಿಂದೆ ಅತಿ ದೊಡ್ಡದು 28 ಹಲ್ಲು ಇರುವ 7 ಗೇರಿನ ಸೈಕಲ್ ತನ್ನ ಅತ್ಯಂತ ಹಗುರ ಗೇರಿನಲ್ಲಿ ಒಂದು ತುಳಿತಕ್ಕೆ ಸುಮಾರು 2.97 ಮೀಟರ್ ಹೋಗುತ್ತದೆ. ಮುಂದೆ ಮೂರು ಚಕ್ರಗಳಿದ್ದು ಅವುಗಳಲ್ಲಿ ಸಣ್ಣದು 24 ಹಲ್ಲಿನದಾದರೆ, ಹಿಂದೆ ಅದೇ 28 ಇದ್ದರೂ, 1.88 ಮೀಟರ್ ಮಾತ್ರ ಹೋಗುತ್ತದೆ. ಅಂದರೆ ಸುತ್ತು ಹೆಚ್ಚು ತುಳಿಯಬೇಕು, ಆದರೆ ಪ್ರತಿ ತುಳಿತವೂ ಹಗುರ. ಇಂದ್ರಾಳಿಯಿಂದ ಮೇಲಕ್ಕೆ, ಬೆನ್ನಿಗೆ ಪುಸ್ತಕದ ಚೀಲ ಹಾಕಿಕೊಂಡು ಹೋಗುವ ಹದಿನಾರರ ಹುಡುಗಿಗೆ ಈ ಒಂದು ಮೀಟರಿನ ವ್ಯತ್ಯಾಸವೆಂದರೆ ಸೈಕಲ್ ತುಳಿದು ಹೋಗುವುದಕ್ಕೂ ಇಳಿದು ತಳ್ಳಿಕೊಂಡು ಹೋಗುವುದಕ್ಕೂ ಇರುವ ವ್ಯತ್ಯಾಸ. ಮಂಗಳೂರಿನಲ್ಲಿ ಕದ್ರಿ, ಬಿಜೈ, ಲೇಡಿಹಿಲ್ ಏರುಗಳನ್ನು ದಿನವೂ ಹತ್ತುವವರಿಗೂ ಇದೇ ಲೆಕ್ಕ.

ಗೇರುಗಳ ಸಂಖ್ಯೆಯೊಂದೇ ಇದನ್ನು ಹೇಳದು ಎನ್ನುವುದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ. ಮುಂದೆ ಒಂದೇ ಚಕ್ರ, ಆದರೆ 30 ಹಲ್ಲಿನದು, ಹಿಂದೆ 34 ಹಲ್ಲಿನದಿದ್ದರೆ 7 ಗೇರಿನ ಸೈಕಲ್ಲೇ 1.93 ಮೀಟರಿಗೆ ಇಳಿಯುತ್ತದೆ, ಅಂದರೆ ಹೆಚ್ಚುಕಡಿಮೆ ಆ 21 ಗೇರಿನ ಸೈಕಲ್ಲಿನಷ್ಟೇ ಹಗುರ. ಮುಂದಿನ ಗೇರು ಬದಲಿಸುವ ಸಾಧನವೂ ಅದರ ಕೇಬಲ್ಲೂ ಇಲ್ಲದ್ದರಿಂದ ಕೆಡುವ ಭಾಗಗಳೂ ಕಡಿಮೆ. ಮೂರನೆಯದರ ಪುಟದಲ್ಲಿ ಹಲ್ಲುಗಳ ಸಂಖ್ಯೆ ಸ್ಪಷ್ಟವಾಗಿತ್ತು. ಎರಡನೆಯದರಲ್ಲಿ ಗೇರಿನ ಕಂಪನಿಯ ಹೆಸರು ಮಾತ್ರ ಇತ್ತು. ಒಂದನೆಯದರಲ್ಲಿ ಅದೂ ಇರಲಿಲ್ಲ, ‘ನಯವಾಗಿ ಬದಲಾಗುವ ಗೇರುಗಳು’ ಎಂಬ ಅರ್ಥದ ವಾಕ್ಯವಿತ್ತು. ಪುಟದ ಮೇಲೆ ಜಾಗ ಎಷ್ಟು ಕಡಿಮೆಯಿದ್ದರೂ ಈ ಎರಡು ಸಂಖ್ಯೆಗಳಿಗೆ ಜಾಗ ಮಾಡಬಹುದು. ಅಷ್ಟನ್ನು ನಾನು ನನ್ನ ಕೆಲಸದ ಅನುಭವದಿಂದಲೇ ಹೇಳಬಲ್ಲೆ.

ಚಿತ್ರಗಳ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಸೈಕಲ್ಲನ್ನು ಚೈನು ಇರುವ ಬಲಬದಿಯಿಂದ ಚಿತ್ರೀಕರಿಸುವುದು ಎಲ್ಲ ಕಡೆಯ ವಾಡಿಕೆ, ಅದು ಚೆಂದವೂ ಹೌದು. ಆದರೆ ನಮ್ಮ ಕರಾವಳಿಯವರು ಮೊದಲು ನೋಡಬೇಕಾದದ್ದು ಹಿಂದಿನ ಅಚ್ಚಿನ ಹತ್ತಿರ ಚೌಕಟ್ಟಿನಲ್ಲಿರುವ ಒಂದು ಸಣ್ಣ ತೂತನ್ನು. ಮಡ್‌ಗಾರ್ಡಿನ ಕಡ್ಡಿಯನ್ನೂ ಕ್ಯಾರಿಯರಿನ ಕಾಲನ್ನೂ ಸ್ಕ್ರೂ ಹಾಕಿ ಕೂರಿಸುವುದು ಆ ತೂತಿಗೆ. ಅದಿಲ್ಲದ ಸೈಕಲ್ಲಿಗೆ ಸೀಟಿನ ಕಂಬಕ್ಕೆ ಸಿಕ್ಕಿಸುವ ತುಂಡು ಪ್ಲಾಸ್ಟಿಕ್ ಮಾತ್ರ ಗತಿ, ಮತ್ತು ಜೂನ್ ತಿಂಗಳಲ್ಲಿ ನಮ್ಮ ಕೆಮ್ಮಣ್ಣಿನ ನೀರು ಅಂಗಿಯ ಬೆನ್ನ ಮೇಲೆ ಸೊಂಟದಿಂದ ಕತ್ತಿನವರೆಗೆ ಎಳೆಯುವ ಗೆರೆ ಎಷ್ಟು ಒಗೆದರೂ ಹೋಗುವುದಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರು ನಮ್ಮದು. ಒಂದನೆಯದರ ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿದಾಗ ಆ ಜಾಗ ಮಸುಕಾದ ಬೂದು ಚುಕ್ಕೆಯಾಗಿ ಒಡೆದುಹೋಯಿತು. ಎರಡನೆಯದರ ಚಿತ್ರಗಳು ಸ್ಪಷ್ಟ, ಆದರೆ ಎಲ್ಲವೂ ಬಲಬದಿಯವು. ಮೂರನೆಯದರಲ್ಲಿ ಹಿಂದಿನ ಅಚ್ಚಿನ ಹತ್ತಿರದ ಚಿತ್ರ ಎರಡೂ ಬದಿಯಿಂದ ಇತ್ತು, ಮತ್ತು ಅಡಿಬರಹದಲ್ಲಿ ಅದಕ್ಕೆ ಯಾವ ಗಾತ್ರದ ಸ್ಕ್ರೂ ಬೇಕು ಎಂದೂ ಬರೆದಿತ್ತು. ಅದು ಚೆಂದದ ಚಿತ್ರವಲ್ಲ, ಬೆಳಕೂ ಸ್ವಲ್ಪ ಚಪ್ಪಟೆಯಾಗಿತ್ತು. ಮೂರೂ ಜಾಲತಾಣಗಳಲ್ಲಿ ನಾನು ಅತಿ ಹೆಚ್ಚು ಹೊತ್ತು ನೋಡಿದ ಚಿತ್ರ ಮಾತ್ರ ಅದೇ.

ಟಯರಿನ ಅಳತೆಯನ್ನು ಅಂಗುಲದಲ್ಲಿ ಹೇಳುವುದೂ ಗೊಂದಲಕ್ಕೆ ದಾರಿ. ಹಳೆಯ ಲೇಡೀಸ್ ಸೈಕಲ್ಲಿನ 26 ಅಂಗುಲದ ಟಯರು, ಎಂದರೆ 26ಕ್ಕೆ 1 3/8 ಎಂದು ಬರೆಯುವುದು, ಕೂರುವ ರಿಮ್ಮಿನ ವ್ಯಾಸ 590 ಮಿಲಿಮೀಟರ್. ಮಣ್ಣುದಾರಿಯ ಸೈಕಲ್ಲಿನ 26 ಅಂಗುಲದ್ದು 559. ಎರಡನ್ನೂ ಅಂಗಡಿಯಲ್ಲಿ 26 ಎಂದೇ ಕರೆಯುತ್ತಾರೆ, ಒಂದರ ಟಯರು ಇನ್ನೊಂದಕ್ಕೆ ಹತ್ತುವುದಿಲ್ಲ. ಇನ್ನೊಂದು ಕಡೆ 700ಸಿ ಮತ್ತು 29 ಅಂಗುಲ ಎಂದು ಹೆಸರು ಬೇರೆಯಾದರೂ ರಿಮ್ಮು ಎರಡಕ್ಕೂ 622. ಆದುದರಿಂದ 47-622 ಎಂಬಂತೆ ಅಗಲವನ್ನೂ ರಿಮ್ಮಿನ ವ್ಯಾಸವನ್ನೂ ಮಿಲಿಮೀಟರಿನಲ್ಲಿ ಕೊಡುವ ಪದ್ಧತಿಯನ್ನು ಜಾಲತಾಣಗಳು ಅನುಸರಿಸಿದರೆ ಟ್ಯೂಬು ತರಲು ಹೋದವರು ಬರಿಗೈಯಲ್ಲಿ ಬರುವುದು ತಪ್ಪುತ್ತದೆ. ವಾಲ್ವ್ ಯಾವ ಬಗೆಯದು ಎಂದೂ ಹೇಳಬೇಕು. ತೆಳ್ಳಗಿನ ಪ್ರೆಸ್ಟಾ ವಾಲ್ವಿಗೆ ನಮ್ಮ ಪೆಟ್ರೋಲ್ ಬಂಕಿನ ಗಾಳಿ ಕೊಳವೆ ಕೂರುವುದಿಲ್ಲ, ಅದಕ್ಕೊಂದು ಅಡಾಪ್ಟರ್ ಬೇಕು.

ತೂಕವನ್ನು ಮೂರರಲ್ಲಿ ಒಂದೂ ಸರಿಯಾಗಿ ಹೇಳಲಿಲ್ಲ. ದಿನವೂ ಎರಡು ಮಹಡಿ ಹೊತ್ತು ಹತ್ತಿಸಬೇಕಾದವರಿಗೆ ಇದು ಸಣ್ಣ ವಿಷಯವಲ್ಲ. ನಾನು ಮೂರಕ್ಕೂ ಪತ್ರ ಬರೆದೆ. ಮೂರನೆಯದು ಮಾತ್ರ ಮಧ್ಯಮ ಅಳತೆಗೆ ಪೆಡಲ್ ಸೇರಿಸಿ ಇಷ್ಟು ಎಂದು ಉತ್ತರ ಕೊಟ್ಟಿತು. ಅದೇ ಉತ್ತರವನ್ನು ಪುಟದಲ್ಲೂ ಹಾಕಬಹುದಿತ್ತು. ಈ ವಿಷಯದಲ್ಲಿ ನಾನು ಅದಕ್ಕೆ ಪೂರ್ಣ ಅಂಕ ಕೊಡಲಾರೆ.

ತುಕ್ಕಿನ ಬಗ್ಗೆ ಓದಲು ವಾರಂಟಿಯ ಪುಟಕ್ಕೆ ಹೋಗಬೇಕು, ಅಲ್ಲಿಯೇ ಜಾಲತಾಣದ ಪ್ರಾಮಾಣಿಕತೆ ಗೊತ್ತಾಗುವುದು. ಚೌಕಟ್ಟಿಗೆ ಇಷ್ಟು ವರ್ಷ ಎಂಬುದು ದೊಡ್ಡ ಅಕ್ಷರದಲ್ಲಿರುತ್ತದೆ; ಬಣ್ಣ, ತುಕ್ಕು, ಸವೆಯುವ ಭಾಗಗಳು ಇದರಲ್ಲಿ ಸೇರುವುದಿಲ್ಲ ಎಂಬುದು ಒಳಗೆ ಇರುತ್ತದೆ. ಮಲ್ಪೆ, ಪಣಂಬೂರು, ಉಳ್ಳಾಲದ ಕಡೆ ಇರುವವರಿಗೆ ಹೊಸ ಸೈಕಲ್ಲಿನ ಸ್ಕ್ರೂ ತಲೆಗಳು, ಚೈನು, ಬ್ರೇಕಿನ ಕೇಬಲ್ ಎಷ್ಟು ಬೇಗ ಕಂದು ಬಣ್ಣಕ್ಕೆ ತಿರುಗುತ್ತವೆ ಎಂಬುದನ್ನು ಹೇಳಬೇಕಾಗಿಲ್ಲ. ಎರಡನೆಯ ಜಾಲತಾಣ ಈ ಷರತ್ತುಗಳನ್ನು ಇಳಿಸಿಕೊಂಡು ಓದಬೇಕಾದ ಕಡತವಾಗಿ ಇಟ್ಟಿತ್ತು, ಅದು ಮೊಬೈಲಿನಲ್ಲಿ ಇರುವೆ ಸಾಲಿನಂತೆ ಕಾಣುತ್ತಿತ್ತು. ಮೂರನೆಯದು ಏನು ಸೇರುತ್ತದೆ, ಏನು ಸೇರುವುದಿಲ್ಲ ಎಂದು ಅಕ್ಕಪಕ್ಕ ಬರೆದು, ಸಮುದ್ರ ತೀರದವರು ವಾರಕ್ಕೊಮ್ಮೆ ಸಿಹಿನೀರಿನಿಂದ ತೊಳೆದು ಒರೆಸಿ ಚೈನಿಗೆ ಎಣ್ಣೆ ಹಾಕಬೇಕೆಂದು ಅಲ್ಲೇ ಸೂಚಿಸಿತ್ತು. ಕೊಡಲಾಗದ್ದನ್ನು ಮೊದಲೇ ಹೇಳುವವರ ಮಾತನ್ನು ಬೇರೆ ವಿಷಯದಲ್ಲೂ ನಂಬಬಹುದು ಅನ್ನಿಸಿತು.

ಅಂಗಡಿಗಳ ಪಟ್ಟಿಯಿಂದ ನಮಗೆ ಒಂದು ದಿನವೇ ಹಾಳಾಯಿತು. ಎರಡನೆಯ ಜಾಲತಾಣದಲ್ಲಿ 576101 ಎಂದು ಪಿನ್‌ಕೋಡ್ ಹಾಕಿದಾಗ ಉಡುಪಿಯಲ್ಲಿ ಯಾರೂ ಇಲ್ಲ, ಮಂಗಳೂರಿನಲ್ಲಿ ಒಬ್ಬರಿದ್ದಾರೆ ಎಂದು ನಕ್ಷೆಯ ಸಮೇತ ತೋರಿಸಿತು. ರಜೆಯ ದಿನ ಮಗಳನ್ನು ಕರೆದುಕೊಂಡು ಸುಮಾರು 55 ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ, ಹಂಪನಕಟ್ಟೆಯಲ್ಲಿ ಇಳಿದು, ನಕ್ಷೆ ಹೇಳಿದ ಜಾಗಕ್ಕೆ ನಡೆದೆವು. ಅಂಗಡಿ ಇತ್ತು, ಆ ಕಂಪನಿಯ ಸೈಕಲ್ ಇರಲಿಲ್ಲ. “ಅದು ನಾವು ಬಿಟ್ಟು ಎರಡು ವರ್ಷ ಆಯಿತಲ್ಲ ಅಕ್ಕ, ಅವರ ವೆಬ್‌ಸೈಟ್ ನೋಡಿ ಬರುವವರು ಈಗಲೂ ಉಂಟು” ಎಂದು ಅಂಗಡಿಯವರು ಬೇಸರದಿಂದಲೇ ಹೇಳಿದರು. ಪಟ್ಟಿಯಲ್ಲಿದ್ದ ದೂರವಾಣಿ ಸಂಖ್ಯೆಯೂ ಹಳೆಯದು, ಹೊರಡುವ ಮುಂಚೆ ಮಾಡಿದಾಗ ತಾಗಿರಲಿಲ್ಲ. ಅದನ್ನು ನಾನು ಲಕ್ಷ್ಯಕ್ಕೆ ತೆಗೆದುಕೊಳ್ಳಬೇಕಿತ್ತು. ಇಷ್ಟು ಒಪ್ಪವಾದ ಜಾಲತಾಣ ಕಟ್ಟಿದವರು ವರ್ಷಕ್ಕೊಮ್ಮೆ ಆ ಪಟ್ಟಿಯಲ್ಲಿರುವವರಿಗೆ ಒಂದು ಕರೆ ಮಾಡಿ ನೋಡಬೇಡವೇ? ಮೂರನೆಯದರ ಪಟ್ಟಿಯಲ್ಲಿ ಪ್ರತಿ ಅಂಗಡಿಯ ಹೆಸರಿನ ಕೆಳಗೆ ವಿವರವನ್ನು ಕೊನೆಯದಾಗಿ ಪರಿಶೀಲಿಸಿದ ತಿಂಗಳು, ಅಲ್ಲಿ ಮಾರಾಟ ಮಾತ್ರವೋ ರಿಪೇರಿಯೂ ಉಂಟೋ ಎಂಬುದು ಇದೆ. ಒಂದು ಸಾಲು ಅಷ್ಟೇ. ನಮ್ಮ ಒಂದು ದಿನ ಉಳಿಯುತ್ತಿತ್ತು.

ಬೆಲೆಯ ವಿಷಯಕ್ಕೆ ಬಂದರೆ, ನಾವು ಹುಡುಕುತ್ತಿದ್ದ ಹೊತ್ತಿಗೇ, 2025ರ ಸೆಪ್ಟೆಂಬರ್ 22ರಿಂದ, ಸೈಕಲ್ಲಿನ ಮೇಲಿನ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿಯಿತು. ಮೂರನೆಯದು ಮಾರನೆಯ ದಿನವೇ ಹಳೆಯ ಬೆಲೆ, ಹೊಸ ಬೆಲೆ ಎರಡನ್ನೂ ತೋರಿಸಿತು. ಒಂದನೆಯದರಲ್ಲಿ ಸೈಕಲ್ಲಿನ ಪುಟದಲ್ಲಿ ಒಂದು ಬೆಲೆ, ಇಳಿಸಿಕೊಳ್ಳುವ ಕ್ಯಾಟಲಾಗಿನಲ್ಲಿ ಇನ್ನೊಂದು ಬೆಲೆ ಬಹಳ ದಿನ ಹಾಗೆಯೇ ಇದ್ದವು. ತಮ್ಮ ಸರಕನ್ನು ತಾವೇ ಜಾಲತಾಣದಲ್ಲಿ ಮಾರುವವರು ಸಾಗಣೆ, ತೆರಿಗೆ ಎಲ್ಲ ಸೇರಿದ ಒಟ್ಟು ಬೆಲೆಯನ್ನು ಅದರ ವಿವರದೊಂದಿಗೆ ತೋರಿಸಬೇಕು, ದೂರು ನೋಡಿಕೊಳ್ಳುವ ಅಧಿಕಾರಿಯ ಹೆಸರು ಮತ್ತು ಸಂಪರ್ಕ ವಿವರ ಕೊಡಬೇಕು, ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕು ಎಂದು 2020ರ ಗ್ರಾಹಕ ಸಂರಕ್ಷಣೆಯ ಇ-ವಾಣಿಜ್ಯ ನಿಯಮಗಳು ಹೇಳುತ್ತವೆ. ಹಣ ಕಟ್ಟುವ ಮುಂಚೆ ಆ ಅಧಿಕಾರಿಯ ಹೆಸರು ಎಲ್ಲಿದೆ ಎಂದು ಹುಡುಕಿ ನೋಡಿ. ಅದು ಸಿಗದಿದ್ದರೆ ನಾನು ಮುಂದುವರಿಯುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಸೈಕಲ್ ಪೆಟ್ಟಿಗೆಯಲ್ಲಿ ಬರುತ್ತದೆ. ಹ್ಯಾಂಡಲ್, ಮುಂದಿನ ಗಾಲಿ, ಪೆಡಲು, ಸೀಟು ನಾವು ಕೂರಿಸಬೇಕು. ಇದನ್ನು ಹಣ ಕಟ್ಟುವ ಪುಟಕ್ಕೆ ಮುಂಚೆಯೇ ಹೇಳಬೇಕು, ಏಕೆಂದರೆ ಅಂಗಡಿಯವರಿಂದ ಜೋಡಿಸಿಕೊಂಡರೆ ಅದಕ್ಕೊಂದು ಖರ್ಚಿದೆ. ಎಡಗಡೆಯ ಪೆಡಲಿನ ಮರೆ, ಅಂದರೆ ಸ್ಕ್ರೂವಿನಂಥ ಸುತ್ತುಗೆರೆ, ತಿರುವುಮುರುವು; ಎಲ್ಲ ಸ್ಕ್ರೂಗಳಂತೆ ಬಲಕ್ಕೆ ತಿರುಗಿಸಿದರೆ ಮರೆ ಹಾಳಾಗುತ್ತದೆ. ಮುಂದಿನ ಫೋರ್ಕನ್ನು ಹಿಂದುಮುಂದಾಗಿ ಕೂರಿಸಿಕೊಂಡು ಓಡಿಸುವವರನ್ನು ನಾನೇ ನೋಡಿದ್ದೇನೆ. ಡಿಸ್ಕ್ ಬ್ರೇಕು ಬಲಬದಿಗೆ ಬಂದಿದ್ದರೆ ಫೋರ್ಕು ತಿರುಗಿದೆ ಎಂದೇ ಅರ್ಥ. ಮೂರನೆಯದರ ಜೋಡಣೆಯ ಪುಟ ಈ ಎರಡನ್ನೂ ಕೆಂಪು ಚೌಕದಲ್ಲಿ ಚಿತ್ರ ಸಮೇತ ತೋರಿಸುತ್ತದೆ. ಅದರ ಭಾಷೆ ಇಂಗ್ಲಿಷ್ ಮತ್ತು ಹಿಂದಿ. ಕನ್ನಡ ಮೂರರಲ್ಲೂ ಇಲ್ಲ. ಮಾರಾಟದ ಪುಟವನ್ನು ಯಾವ ಭಾಷೆಯಲ್ಲಾದರೂ ಬರೆಯಲಿ, ಬ್ರೇಕು ಕೂರಿಸುವ ಪುಟವಾದರೂ ಕನ್ನಡದಲ್ಲಿ ಬೇಕು ಎಂಬುದು ನನ್ನ ಒತ್ತಾಯದ ಕೋರಿಕೆ. ಅಲ್ಲಿ ತಪ್ಪಿದರೆ ಬೀಳುವವರು ಮಕ್ಕಳು.

ಎರಡನೆಯದರ ದೋಷಕ್ಕೆ ಬರುತ್ತೇನೆ ಎಂದಿದ್ದೆ. ಬಿಳಿಯ ಮೇಲೆ ತೆಳು ಬೂದು ಅಕ್ಷರ. ಮಾವನವರು ಮೊಮ್ಮಗಳ ಸೈಕಲ್ಲಿಗೆ ತಾವೇ ಹಣ ಕೊಡುವುದೆಂದು ಹಟ ಹಿಡಿದವರು, ಎಪ್ಪತ್ತು ದಾಟಿದವರು; ಅಂಗಳದ ಬೆಳಕಿನಲ್ಲಿ ಮೊಬೈಲು ಹಿಡಿದು “ಇದರಲ್ಲಿ ಏನೂ ಬರೆದೇ ಇಲ್ಲವಲ್ಲ ಮಗಾ” ಎಂದರು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಬೆಳಕಿನ ವ್ಯತ್ಯಾಸ ಇರಬೇಕೆಂದು ಜಾಲತಾಣಗಳ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಮುದ್ರಣದಲ್ಲಿ ನಾವು ಇಂಥ ಬೂದನ್ನು ಚಿತ್ರದ ಹಿನ್ನೆಲೆಗೆ ಬಳಸುತ್ತೇವೆ, ಓದಬೇಕಾದ ಮಾತಿಗೆ ಬಳಸುವುದಿಲ್ಲ.

ಬಿಡಿಭಾಗಗಳ ಪುಟವನ್ನು ಕೊನೆಗೆ ಇಟ್ಟುಕೊಂಡದ್ದು ಅದು ನನಗೆ ಎಲ್ಲಕ್ಕಿಂತ ಮುಖ್ಯವಾಗಿರುವುದರಿಂದ. ನಮ್ಮ ಹಿರಿಯರ ಕಾಲದ ಕಪ್ಪು ಸೈಕಲ್ಲಿಗೆ ಜಾಲತಾಣ ಬೇಕಾಗಿರಲಿಲ್ಲ. 28 ಅಂಗುಲದ ಅದರ ರಿಮ್ಮು, ಫ್ರೀವೀಲು, ಬ್ರೇಕಿನ ಕಟ್ಟೆ ಎಲ್ಲ ಕಂಪನಿಗಳಲ್ಲೂ ಹೆಚ್ಚುಕಡಿಮೆ ಒಂದೇ ಆಗಿದ್ದವು, ಲೂಧಿಯಾನದಿಂದ ಬಂದ ಭಾಗ ಯಾವ ಸೈಕಲ್ಲಿಗಾದರೂ ಕೂರುತ್ತಿತ್ತು. 1951ರಲ್ಲಿ ಸೋನಿಪತ್‌ನಲ್ಲಿ ಆರಂಭವಾದ ಅಟ್ಲಾಸ್ ಕಂಪನಿ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಸಾಹಿಬಾಬಾದಿನ ಕಾರ್ಖಾನೆಯ ಕೆಲಸ ನಿಲ್ಲಿಸಿತು. ಆದರೂ ಅದರ ಹಳೆಯ ಸೈಕಲ್ಲುಗಳು ನಮ್ಮ ಬೀದಿಗಳಲ್ಲಿ ಓಡುತ್ತಿರುವುದು ಈ ಕಾರಣದಿಂದಲೇ. ಗೇರಿನ ಸೈಕಲ್ಲಿನ ಕತೆ ಹಾಗಲ್ಲ. ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರನ್ನು ಚೌಕಟ್ಟಿಗೆ ಸೇರಿಸುವ ಹ್ಯಾಂಗರ್ ಎಂಬ ಹೆಬ್ಬೆರಳಷ್ಟು ಅಲ್ಯುಮಿನಿಯಂ ತುಂಡು, ಸೈಕಲ್ ಬಲಕ್ಕೆ ಬಿದ್ದಾಗ ಚೌಕಟ್ಟು ಉಳಿಯಲೆಂದು ತಾನು ಬಾಗುವಂತೆ ಮಾಡಿದ್ದು, ನೂರಾರು ಆಕಾರಗಳಲ್ಲಿ ಬರುತ್ತದೆ. ಒಂದರ ಬದಲು ಇನ್ನೊಂದು ಕೂರುವುದಿಲ್ಲ. 2019ರಲ್ಲಿ ಗೇರು ತಯಾರಿಸುವ ಸ್ರಾಮ್ ಕಂಪನಿ ಎಲ್ಲ ಚೌಕಟ್ಟುಗಳಿಗೂ ಒಂದೇ ಹ್ಯಾಂಗರ್ ಎಂಬ ಯೋಜನೆ ತಂದಿತು, ಆದರೆ ಅದಕ್ಕೆಂದೇ ಮಾಡಿದ ಚೌಕಟ್ಟುಗಳಿಗೆ ಮಾತ್ರ ಅದು ಹೊಂದುತ್ತದೆ.

ಯಜಮಾನರ ಸೈಕಲ್ ಒಂದನೆಯ ಕಂಪನಿಯದು. ಅದರ ಹ್ಯಾಂಗರ್ ಬಾಗಿದಾಗ ಜಾಲತಾಣದಲ್ಲಿ ಹುಡುಕಿದರೆ, ಮಾರಾಟ ನಿಂತ ಮಾದರಿಯಾದ್ದರಿಂದ ಆ ಪುಟವನ್ನೇ ಅಳಿಸಿದ್ದರು. ಸಹಾಯವಾಣಿಯವರಿಗೆ ಮಾದರಿಯ ಹೆಸರು ಹೇಳಿದರೆ ಅವರ ಪಟ್ಟಿಯಲ್ಲೂ ಅದು ಇರಲಿಲ್ಲ. ಎರಡು ತಿಂಗಳು ಸೈಕಲ್ ಮೆಟ್ಟಿಲ ಕೆಳಗೆ ನಿಂತಿತ್ತು. ಅಮೆರಿಕದ ಟ್ರೆಕ್ ಹಳೆಯ ಮಾದರಿಗಳ ವಿವರವನ್ನು ತನ್ನ ಜಾಲತಾಣದಲ್ಲಿ ಉಳಿಸಿಕೊಂಡಿದೆ. ಜಪಾನಿನ ಶಿಮಾನೊ ತನ್ನ ಗೇರು, ಬ್ರೇಕುಗಳ ಕೈಪಿಡಿಗಳನ್ನೂ ಬಿಡಿಬಿಡಿಯಾಗಿ ತೋರಿಸುವ ಚಿತ್ರಗಳನ್ನೂ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಟ್ಟಿದೆ. ಒಂದು ಪುಟವನ್ನು ಅಳಿಸದೆ ಇಡುವುದಕ್ಕೆ ತಗಲುವ ವೆಚ್ಚ ಬಹಳ ಸಣ್ಣದು.

ಮಗಳ ಸೈಕಲ್ ಜನವರಿಯಲ್ಲಿ, ಕೃಷ್ಣಮಠದ ಪರ್ಯಾಯ ಉತ್ಸವದ ಜನಸಂದಣಿಯ ದಿನ, ಕಲ್ಸಂಕದ ಹತ್ತಿರ ನಿಲ್ಲಿಸಿದ್ದಲ್ಲಿಯೇ ಯಾರದೋ ಕೈ ತಾಗಿ ಬಲಕ್ಕೆ ಬಿತ್ತು. ಹ್ಯಾಂಗರ್ ಬಾಗಿತ್ತು, ಚೈನು ಕಡ್ಡಿಗಳಿಗೆ ಉಜ್ಜುತ್ತಿತ್ತು. ನಾವು ಯಾವಾಗಲೂ ಹೋಗುವ ಸೈಕಲ್ ರಿಪೇರಿಯವರು ತುಂಡನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದರು. “ಇದರ ನಂಬರ್ ಉಂಟಾ ಅಕ್ಕ? ನಂಬರ್ ಇದ್ದರೆ ತರಿಸುವ” ಎಂದರು. ಮೂರನೆಯ ಜಾಲತಾಣದ ಸೈಕಲ್ಲಿನ ಪುಟವನ್ನು ಅಲ್ಲಿಯೇ ತೆರೆದೆ. ಬಿಡಿಭಾಗಗಳ ಕೆಳಗೆ ಹ್ಯಾಂಗರಿನ ಚಿತ್ರ, ಅದರ ಎರಡು ತೂತುಗಳ ನಡುವಿನ ಅಂತರ, ಸಂಖ್ಯೆ, ಬೆಲೆ ಎಲ್ಲವೂ ಇದ್ದವು. ಅವರು ಬಾಗಿದ ತುಂಡನ್ನು ಪರದೆಯ ಪಕ್ಕಕ್ಕೆ ಹಿಡಿದು ಹೋಲಿಸಿ ನೋಡಿ, ತಮ್ಮ ಮೊಬೈಲಿನಲ್ಲಿ ಆ ಪುಟದ ಫೋಟೊ ತೆಗೆದುಕೊಂಡರು, ಆಮೇಲೆ ಗೋಡೆಯ ಮೇಲೆ ಟಯರುಗಳ ಅಳತೆ ಬರೆದಿಟ್ಟುಕೊಂಡಿದ್ದ ಜಾಗದ ಕೆಳಗೆ ಸೀಮೆಸುಣ್ಣದಿಂದ ಮಾದರಿಯ ಹೆಸರನ್ನೂ ಆ ಸಂಖ್ಯೆಯನ್ನೂ ಬರೆದರು. ಹ್ಯಾಂಗರ್ ಆರನೆಯ ದಿನ ಬಂತು.